ಹಿಮದಲ್ಲಿ ಕಾರಿನಾಟ

(ವಾಡಿಯಲ್ಲಿ, ಸಂಘದ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಓದಿದ ಕೆಲವರು ನಕ್ಕುದನ್ನು ನಾವು ಕಂಡೆವು. ನಗುವುದು ಸಹಜವೇ. ಮೇ ತಿಂಗಳಲ್ಲಿ ೪೫ ಡಿಗ್ರಿ ದಾಟುವ ನಾಗಪುರದ ಮಗ್ಗುಲಲ್ಲಿ, ಲಾರಿಗಳ ಧೂಳಿನಲ್ಲಿ ಬದುಕುವ ವಾಡಿಯವರಿಗೆ ಹಿಮದ ಮಾತು ಏತಕ್ಕೆ? ನಮ್ಮ ವಿದರ್ಭದಲ್ಲಿ ಆಕಾಶದಿಂದ ಬೀಳುವ ತಣ್ಣನೆಯ ವಸ್ತುವೆಂದರೆ ಮಾಘ ಫಾಲ್ಗುಣಗಳ ಆಲಿಕಲ್ಲು ಒಂದೇ. ಅದೂ ಕಿತ್ತಳೆ ತೋಟದವನ ಹೊಟ್ಟೆ ಉರಿಸುವುದಕ್ಕೆ ಬರುವುದೇ ಹೊರತು ಆಟವಾಡುವುದಕ್ಕಲ್ಲ. ಹಾಗಿದ್ದರೂ ಹಿಮದ ಕಥೆಯನ್ನು ಇಲ್ಲಿ ಹೇಳಬೇಕೆಂದು ನಾವು ಹಟ ಹಿಡಿದುದಕ್ಕೆ ಕಾರಣವಿದೆ. ಇದು ಪ್ರವಾಸಕಥನವಲ್ಲ. ನಾವು ಮಾಡಿದ ಒಂದು ತಪ್ಪಿನ ಲೆಕ್ಕ. ಲೆಕ್ಕವನ್ನು ನಾಲ್ಕು ಜನರ ಮುಂದೆ ಓದಿ ಹೇಳಿದರೆ ಮನಸ್ಸು ಸ್ವಲ್ಪ ಹಗುರವಾದೀತು, ಕೇಳಿದವರಿಗೂ ಪ್ರಯೋಜನವಾದೀತು ಎಂಬ ಆಸೆ.

ಈಚಿನ ಒಂದು ಚಳಿಗಾಲದಲ್ಲಿ ನಾವು ಎರಡು ಮನೆಯವರು ಕೂಡಿ, ಹಿರಿಯರೂ ಹುಡುಗರೂ ಸೇರಿ ಆರು ಮಂದಿ, ಹಿಮ ನೋಡಲು ಮನಾಲಿಗೆ ಹೊರಟೆವು. ರೈಲಿನಲ್ಲಿ ಹೋಗಬಹುದಾಗಿತ್ತು. ಆದರೆ ಹೆದ್ದಾರಿಯ ಪಕ್ಕದಲ್ಲೇ ಮನೆ ಮಾಡಿಕೊಂಡವರಿಗೆ ರಸ್ತೆಯ ಮೋಹ ಹೆಚ್ಚು. ಅಮರಾವತಿ ರಸ್ತೆಯಲ್ಲಿ ಹಗಲೂ ರಾತ್ರಿ ಸರಕು ಹೊತ್ತು ಓಡುವ ಗಾಡಿಗಳನ್ನು ನೋಡುತ್ತಾ ನೋಡುತ್ತಾ, ನಾವೂ ಒಮ್ಮೆ ದೂರ ಹೋಗಬೇಕೆಂಬ ಚಪಲ ಯಾರಿಗೆ ಹುಟ್ಟುವುದಿಲ್ಲ? ನಮ್ಮ ಬೀದಿಯಲ್ಲೇ ಇರುವ ಒಬ್ಬ ತರುಣನ ಬಾಡಿಗೆ ಕಾರನ್ನು ಗೊತ್ತುಮಾಡಿದೆವು. ಅವನು ಮರಾಠಿಯವನು. ಹೆಸರು ಹೇಳುವುದು ಬೇಡ. ಸಾರಥಿ ಎಂದೇ ಕರೆಯೋಣ. ಕಾರು ಅವನ ಸ್ವಂತದ್ದು. ಸ್ವಂತದ್ದೆಂದರೆ, ತಿಂಗಳು ತಿಂಗಳೂ ಕಂತು ಕಟ್ಟುವಷ್ಟು ಕಾಲ ಅರ್ಧ ಬ್ಯಾಂಕಿನದು, ಅರ್ಧ ಅವನದು. ಆ ಗಾಡಿಯೇ ಅವನ ಹೊಲ, ಅವನ ಅಂಗಡಿ.

ಅವನು ಹೊರಡುವ ಮುನ್ನ ಮಾಡಿಕೊಂಡ ಸಿದ್ಧತೆಯನ್ನು ನೀವು ಕೇಳಬೇಕು. ನಮ್ಮೂರಿನ ಬೇಸಗೆಯಲ್ಲಿ ರೇಡಿಯೇಟರಿನ ನೀರು ಇಳಿದಾಗ ಎಷ್ಟೋ ಮಂದಿ ನಲ್ಲಿಯ ನೀರನ್ನೇ ಸುರಿದುಬಿಡುತ್ತಾರಷ್ಟೆ. ಇಲ್ಲಿ ಅದು ನಡೆಯುತ್ತದೆ. ಆದರೆ ಬರಿಯ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಉಬ್ಬುತ್ತದೆ. ಆ ಉಬ್ಬುವಿಕೆಗೆ ಎಂಜಿನ್ನಿನ ಎರಕದ ಕಬ್ಬಿಣವೂ ಬಿರುಕು ಬಿಟ್ಟೀತು. ಇದನ್ನು ಯಾರೋ ಹಳೆಯ ಲಾರಿ ಚಾಲಕರಿಂದ ಕೇಳಿ ತಿಳಿದಿದ್ದ ನಮ್ಮ ಸಾರಥಿ, ಹಳೆಯ ನೀರನ್ನೆಲ್ಲ ಬಸಿದು, ಹೆಪ್ಪುಗಟ್ಟದ ಕೂಲೆಂಟು ತುಂಬಿಸಿಕೊಂಡ. ಡೀಸೆಲಿನ ವಿಚಾರವನ್ನೂ ವಿಚಾರಿಸಿಟ್ಟುಕೊಂಡಿದ್ದ. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲು ಕಡುಚಳಿಯಲ್ಲಿ ಮೇಣದಂತೆ ಗಟ್ಟಿಯಾಗಿ ನಳಿಗೆಯನ್ನು ಕಟ್ಟಿಬಿಡುತ್ತದೆ. ಲಡಾಖಿನಂಥ ಪ್ರದೇಶಕ್ಕಾಗಿ ೨೦೧೯ರಲ್ಲಿ ಚಳಿಗಾಲದ ಡೀಸೆಲನ್ನೇ ಬೇರೆಯಾಗಿ ತರಬೇಕಾಯಿತು. ಆದುದರಿಂದ ಟ್ಯಾಂಕನ್ನು ಬೆಟ್ಟದ ಮೇಲೆ ಅಲ್ಲಿಯ ಬಂಕಿನಲ್ಲೇ ತುಂಬಿಸಬೇಕೆಂದು ಅವನು ತೀರ್ಮಾನಿಸಿದ್ದ. ನಾವಾದರೋ ಸ್ವೆಟರು, ಚಕ್ಕುಲಿ, ಒಂದು ಬುಟ್ಟಿ ಕಿತ್ತಳೆ ಇವುಗಳ ಸಿದ್ಧತೆಯಲ್ಲಿದ್ದೆವು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಕನ್ನಡದವರೇ ಆದ ಒಬ್ಬ ವೃದ್ಧ ತಾಯಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್ ಚಿಕಿತ್ಸೆಗೆ ನಾಗಪುರಕ್ಕೆ ಕರೆದುಕೊಂಡು ಹೋಗಿ ಬರುವವನು ಈ ಸಾರಥಿಯೇ. ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರದಿಂದ ಶುದ್ಧಿಮಾಡುವ ಆ ಚಿಕಿತ್ಸೆ ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ಆಗಲೇಬೇಕು. ಎಂಟು ದಿನದ ಮಟ್ಟಿಗೆ ಅವನು ತನ್ನ ಸ್ನೇಹಿತನೊಬ್ಬನನ್ನು ಆ ಕೆಲಸಕ್ಕೆ ಒಪ್ಪಿಸಿ, ಒಂಬತ್ತನೆಯ ದಿನ ತಾನೇ ಬರುವೆನೆಂದು ತಾಯಿಗೆ ಮಾತು ಕೊಟ್ಟು ಹೊರಟಿದ್ದ. ನಮಗೆಲ್ಲರಿಗೂ ಇದು ಗೊತ್ತಿತ್ತು.

ನಾಗಪುರದಿಂದ ಮನಾಲಿಗೆ ಸುಮಾರು ೧,೬೦೦ ಕಿಲೋಮೀಟರು. ಸಿವನಿಯ ಕಾಡು, ಝಾನ್ಸಿ, ಗ್ವಾಲಿಯರ್, ಆಗ್ರಾ, ದೆಹಲಿಗಳನ್ನು ದಾಟಿ, ಮಂಡಿ ಕುಲ್ಲುಗಳ ಕಣಿವೆ ಹಿಡಿದು ಮೂರನೆಯ ದಿನ ಮನಾಲಿ ಸೇರಿದೆವು. ಮಾರನೆಯ ದಿನ ಆಕಾಶ ತಿಳಿಯಾಗಿತ್ತು. ರಸ್ತೆಯ ಮೇಲಿನ ಹಿಮವನ್ನು ಯಂತ್ರದಿಂದ ಬಳಿದು ಬದಿಗೆ ಹಾಕಿದ್ದರು. ಪೊಲೀಸರು ಸುರಂಗದಾಚೆಗೆ ವಾಹನಗಳನ್ನು ಬಿಡುತ್ತಿದ್ದರು. ೨೦೨೦ರ ಅಕ್ಟೋಬರಿನಲ್ಲಿ ತೆರೆದ ಆ ಅಟಲ್ ಸುರಂಗವು ಒಂಬತ್ತು ಕಿಲೋಮೀಟರಿಗೂ ತುಸು ಹೆಚ್ಚು ಉದ್ದವಾಗಿದೆ, ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿಗೂ ಮೇಲಿದೆ. ರೋಹತಾಂಗ್ ಕಣಿವೆಬಾಗಿಲು ಮುಚ್ಚಿದ ಮೇಲೆ ಚಳಿಗಾಲವೆಲ್ಲ ಹೊರಗಿನ ಲೋಕದಿಂದ ಬೇರೆಯಾಗಿರುತ್ತಿದ್ದ ಲಾಹೌಲಿನ ಜನರಿಗೆ ಈ ಸುರಂಗ ಆಸ್ಪತ್ರೆಯ ದಾರಿ, ಅಂಗಡಿಯ ದಾರಿ. ನಮ್ಮಂಥವರಿಗೆ ಅದು ಆಟದ ಬಯಲಿನ ದಾರಿಯಾಯಿತು.

ಸುರಂಗದಿಂದ ಹೊರಬಿದ್ದೊಡನೆ ಕಂಡ ಬೆಳಕನ್ನು ವರ್ಣಿಸಲು ನಮ್ಮಿಂದಾಗದು. ನೆಲ, ಬೆಟ್ಟ, ಮನೆಯ ಮಾಡು ಎಲ್ಲವೂ ಬಿಳಿ. ಅರುವತ್ತು ದಾಟಿದ ನಾವೂ ಮಕ್ಕಳಂತೆ ಕೂಗಿಕೊಂಡೆವು. ಸ್ವಲ್ಪ ಮುಂದೆ ರಸ್ತೆಯ ಮಗ್ಗುಲಲ್ಲಿ ಒಂದು ಸಮತಟ್ಟಾದ ಬಯಲು. ಹಲವು ವಾಹನಗಳು ತುಳಿದು ತುಳಿದು ಅಲ್ಲಿಯ ಹಿಮ ಹಲಗೆಯಂತೆ ನುಣುಪಾಗಿತ್ತು. ಸಾರಥಿ ಗಾಡಿಯನ್ನು ಅಂಚಿನಲ್ಲಿ ನಿಲ್ಲಿಸಿ, "ಕಾಕಾ, ನಾನು ಎರಡು ತುತ್ತು ಊಟ ಮಾಡಿ ಬರುತ್ತೇನೆ. ಚಾವಿ ಇಟ್ಟುಕೊಳ್ಳಿ. ಕಾಕೂಗೆ ಚಳಿಯಾದರೆ ಹೀಟರು ಹಾಕಿ. ಗಾಡಿ ಮಾತ್ರ ಅಲುಗಾಡಿಸಬೇಡಿ, ಇಲ್ಲಿಯ ನೆಲ ನಮ್ಮ ನೆಲದ ಹಾಗಲ್ಲ" ಎಂದು ಹೇಳಿ ಢಾಬಾದ ಕಡೆಗೆ ಹೋದ.

ಅವನು ಹೋಗಿ ಐದು ನಿಮಿಷವಾಗಿರಲಿಲ್ಲ. ಬಯಲಿನ ನಡುವೆ ಬೇರೆ ಯಾರೋ ಒಂದು ಗಾಡಿಯನ್ನು ಬುಗುರಿಯಂತೆ ತಿರುಗಿಸುತ್ತಿದ್ದರು. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ಅದನ್ನು ನೋಡಿ ನಮ್ಮಲ್ಲಿ ಮೊದಲು ಚಾಲಕನ ಜಾಗದಲ್ಲಿ ಕುಳಿತವರು ಹುಡುಗರಲ್ಲ, ಹಿರಿಯರು. ಮೂವತ್ತು ವರ್ಷ ಕಾರು ನಡೆಸಿದ ಅನುಭವವಿದೆ ಎಂಬ ಧೈರ್ಯದಿಂದ ಮೆಲ್ಲಗೆ ಒಂದು ಸುತ್ತು ಹಾಕಿದೆವು. ಹಿಂದಿನ ಚಕ್ರಗಳು ತುಸು ಜಾರಿ ಎಲ್ಲರಿಗೂ ಉಯ್ಯಾಲೆಯ ಸುಖವಾಯಿತು. ಎರಡನೆಯ ಸುತ್ತಿಗೆ ಹುಡುಗನೊಬ್ಬ ಕುಳಿತ. ಹ್ಯಾಂಡ್‌ಬ್ರೇಕು ಎಳೆದರೆ ಹಿಂದಿನ ಚಕ್ರಗಳು ಬಿಗಿದು ಗಾಡಿ ತಾನಾಗಿ ಗಿರಕಿ ಹೊಡೆಯುತ್ತದೆ ಎಂಬುದನ್ನು ಅವನು ಮೊಬೈಲಿನಲ್ಲಿ ನೋಡಿ ಕಲಿತಿದ್ದ. ಎಳೆದ. ಗಾಡಿ ತಿರುಗಿತು. ನಾವು ಹೋ ಎಂದೆವು. ಚಿತ್ರ ತೆಗೆದವರೂ ನಾವೇ, ಇನ್ನೊಮ್ಮೆ ಎಂದವರೂ ನಾವೇ. ಮೂರನೆಯ ಸಲ ಗಾಡಿ ತಿರುಗುತ್ತಾ ಅಡ್ಡಡ್ಡವಾಗಿ ಜಾರಿಕೊಂಡು ಹೋಗಿ, ಹಿಮದಡಿಯಲ್ಲಿ ಕಾಣದಂತೆ ಹೂತಿದ್ದ ಕಲ್ಲಿನ ಕಟ್ಟೆಗೆ ಎಡಗಡೆಯ ಮುಂಚಕ್ರವನ್ನು ಬಡಿದು ನಿಂತಿತು. ಆ ಸಪ್ಪಳ ಈಗಲೂ ನಮ್ಮ ಕಿವಿಯಲ್ಲಿದೆ.

ತಪ್ಪಿನ ಮೇಲೆ ತಪ್ಪು ಎಂಬಂತೆ, ಸಾರಥಿ ಬರುವುದರೊಳಗೆ ಗಾಡಿಯನ್ನು ಹಿಂದಕ್ಕೆ ತೆಗೆದು ಮೊದಲಿನ ಜಾಗದಲ್ಲಿ ನಿಲ್ಲಿಸಬೇಕೆಂದು ಗಡಿಬಿಡಿ ಮಾಡಿದೆವು. ಆಕ್ಸಿಲರೇಟರು ಒತ್ತಿದಷ್ಟೂ ಬಲಚಕ್ರ ಗಿರ್ರನೆ ತಿರುಗಿ ಗುಂಡಿ ತೋಡಿತು, ಎಡಚಕ್ರ ಅಲುಗಲಿಲ್ಲ. ಕ್ಲಚ್ಚನ್ನು ಅರ್ಧ ಒತ್ತಿ ಅರ್ಧ ಬಿಟ್ಟು, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗಿದೆವು. ಸುಟ್ಟ ವಾಸನೆ ಬಂದಿತು, ಹೊಗೆ ಬಂದಿತು. ಅಷ್ಟರಲ್ಲಿ ಸಾರಥಿ ಓಡಿಬಂದ.

ಅವನು ಬೈಯುವನೆಂದು ನಾವು ತಲೆ ತಗ್ಗಿಸಿ ನಿಂತಿದ್ದೆವು. ಅವನು ಮೊದಲು ಕೇಳಿದುದು, "ಯಾರಿಗೂ ಪೆಟ್ಟಾಗಿಲ್ಲವಲ್ಲ, ಕಾಕಾ?" ಎಂದು. ಆಮೇಲೆ ಹಿಮದ ಮೇಲೆಯೇ ಅಂಗಾತ ಮಲಗಿ ಗಾಡಿಯ ಅಡಿಯನ್ನು ನೋಡಿದ. ಎದ್ದು ಬಂದು ಏನೂ ಮಾತಾಡಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು.

ಇನ್ನು ಏನೇನು ಮುರಿಯಿತು, ಏಕೆ ಮುರಿಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಕಾರಿಟ್ಟುಕೊಂಡವರು, ಇಟ್ಟುಕೊಳ್ಳಬೇಕೆಂದಿರುವವರು ಈ ಸಭೆಯಲ್ಲಿ ಅನೇಕರಿದ್ದೀರಿ.

ಗಾಡಿ ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಹಿಡಿದುಕೊಂಡಿರುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಆ ಹಿಡಿತವೇ ಅದನ್ನು ಓಡಿಸುವುದು, ತಿರುಗಿಸುವುದು, ನಿಲ್ಲಿಸುವುದು. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಬ್ರೇಕು ಹಾಕಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು ೯ ಮೀಟರಿನಲ್ಲಿ ನಿಂತೀತು. ನೆನೆದ ಡಾಂಬರಿನಲ್ಲಿ ೧೪ ಮೀಟರು ಬೇಕು. ತುಳಿದು ಗಟ್ಟಿಯಾದ ಹಿಮದ ಮೇಲೆ ೩೦ ಮೀಟರು. ನೀರ್ಗಲ್ಲಿನ ಮೇಲೆ ೬೦ ಮೀಟರಾದರೂ ಬೇಕು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಬಿಸಿಲಿಗೆ ಮೇಲ್ಪದರ ತುಸು ಕರಗಿದಾಗ, ಅದರ ಜಾರಿಕೆ ಇನ್ನೂ ಹೆಚ್ಚು. ಮೂವತ್ತು ವರ್ಷದ ನಮ್ಮ ಅನುಭವವೆಲ್ಲ ಒಣ ಡಾಂಬರಿನ ಅನುಭವ. ಆ ಬಯಲಿನಲ್ಲಿ ಅದು ಮೂರು ಕಾಸಿಗೂ ಬಾಳಲಿಲ್ಲ.

ಎರಡನೆಯದು, ಪೆಟ್ಟು ಬಿದ್ದ ದಿಕ್ಕು. ಗಾಡಿಯ ಚಕ್ರದ ಜೋಡಣೆ ಹಳ್ಳದಿಣ್ಣೆಗಳ ಪೆಟ್ಟನ್ನು ಮೇಲಕ್ಕೂ ಕೆಳಕ್ಕೂ ತಾಳುವಂತೆ ಮಾಡಿದ್ದು. ಮಗ್ಗುಲಿನಿಂದ ಬಿದ್ದ ಪೆಟ್ಟನ್ನು ತಾಳಲು ಅದಕ್ಕೆ ಅಷ್ಟು ಶಕ್ತಿಯಿಲ್ಲ. ಆದುದರಿಂದ ಚಕ್ರದ ರಿಮ್ಮು ಸೊಟ್ಟಗಾಯಿತು, ಚಕ್ರವನ್ನು ಹಿಡಿದ ಲೋಯರ್ ಆರ್ಮ್ ಬಾಗಿತು, ಸ್ಟಿಯರಿಂಗಿನ ಟೈರಾಡು ಡೊಂಕಾಯಿತು. ನೋಡುವುದಕ್ಕೆ ಬಣ್ಣವೂ ಹೋಗಿರಲಿಲ್ಲ. ಕಾರು ಮಾತ್ರ ಕುಂಟಾಯಿತು.

ಮೂರನೆಯದು, ಒಂದು ಚಕ್ರ ತಿರುಗಿ ಇನ್ನೊಂದು ನಿಂತದ್ದು. ತಿರುವಿನಲ್ಲಿ ಒಳಚಕ್ರ ಕಡಿಮೆ ದೂರ, ಹೊರಚಕ್ರ ಹೆಚ್ಚು ದೂರ ಓಡಬೇಕಾಗುತ್ತದಷ್ಟೆ. ಅದಕ್ಕಾಗಿ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇರುತ್ತದೆ. ಅದರ ಗುಣವೂ ಅದೇ, ದೋಷವೂ ಅದೇ: ಯಾವ ಚಕ್ರಕ್ಕೆ ಹಿಡಿತವಿಲ್ಲವೋ ಅದು ಸುಮ್ಮನೆ ತಿರುಗಿಬಿಡುತ್ತದೆ, ಹಿಡಿತವಿರುವ ಚಕ್ರಕ್ಕೂ ಬಲ ಸಿಗುವುದಿಲ್ಲ. ಮೀಟರಿನಲ್ಲಿ ೬೦ ತೋರಿಸುವಾಗ ಒಂದು ಚಕ್ರ ನಿಂತಿದ್ದರೆ ಇನ್ನೊಂದು ೧೨೦ರ ವೇಗದಲ್ಲಿ ತಿರುಗುತ್ತಿರುತ್ತದೆ. ಒಳಗಿನ ಸಣ್ಣ ಹಲ್ಲುಚಕ್ರಗಳು ಅಷ್ಟು ವೇಗಕ್ಕೆ ಮಾಡಿದವಲ್ಲ. ಅವು ಕಾದು ಸವೆಯುತ್ತವೆ. ಹಾಗೆ ತಿರುಗುತ್ತಿರುವ ಚಕ್ರಕ್ಕೆ ಹಠಾತ್ತನೆ ಒಂದು ಕಲ್ಲಿನ ಹಿಡಿತ ಸಿಕ್ಕಿತೋ, ಅಚ್ಚಿನ ಕೀಲೇ ಮುರಿಯಬಹುದು. ನಮ್ಮ ಪುಣ್ಯಕ್ಕೆ ಅಚ್ಚು ಉಳಿಯಿತು.

ನಾಲ್ಕನೆಯದು ಕ್ಲಚ್ಚು. ಎಂಜಿನ್ನಿನ ತಿರುಗಾಟವನ್ನು ಗೇರಿಗೆ ಒಪ್ಪಿಸುವುದು ಒತ್ತಿ ಹಿಡಿದ ಒಂದು ತಟ್ಟೆ. ಅರ್ಧ ಒತ್ತಿದ ಕ್ಲಚ್ಚಿನಲ್ಲಿ ಆ ತಟ್ಟೆ ಉಜ್ಜಾಡುತ್ತಲೇ ಇರುತ್ತದೆ. ವರ್ಷಗಟ್ಟಲೆ ಬಾಳಬೇಕಾದ ತಟ್ಟೆಯನ್ನು ಹದಿನೈದು ನಿಮಿಷದಲ್ಲಿ ನಾವು ಸುಟ್ಟುಹಾಕಿದ್ದೆವು.

ಅಂದು ಸಂಜೆ ಎಳೆಯುವ ಗಾಡಿ ತರಿಸಿ ಮನಾಲಿಯವರೆಗೆ ಎಳೆಸಿದೆವು. ರಾತ್ರಿ ಅದನ್ನು ಹ್ಯಾಂಡ್‌ಬ್ರೇಕು ಎಳೆದು ನಿಲ್ಲಿಸಿದ ಜಾಣರೂ ನಾವೇ. ಬೆಳಗ್ಗೆ ನೋಡಿದರೆ ಹಿಂದಿನ ಚಕ್ರಗಳು ಕದಲಲೊಲ್ಲವು. ಬ್ರೇಕಿನೊಳಗೆ ಸೇರಿದ್ದ ನೀರು ಹೆಪ್ಪುಗಟ್ಟಿ, ಬ್ರೇಕು ಡ್ರಮ್ಮಿಗೆ ಅಂಟಿಕೊಂಡಿತ್ತು. ಗ್ಯಾರೇಜಿನ ಮುದುಕ ಮೇಸ್ತ್ರಿ ನಕ್ಕು, ಮರದ ಕೊಡತಿಯಿಂದ ಡ್ರಮ್ಮನ್ನು ತಟ್ಟಿ ತಟ್ಟಿ ಬಿಡಿಸಿದ. ಇಂಥ ಚಳಿಯಲ್ಲಿ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು, ಹ್ಯಾಂಡ್‌ಬ್ರೇಕು ಎಳೆಯಬಾರದು ಎಂದು ಅವನು ಹೇಳಿಕೊಟ್ಟ. ನಮ್ಮ ಕಿತ್ತಳೆ ಬುಟ್ಟಿಯಲ್ಲಿ ಉಳಿದಿದ್ದುದೆಲ್ಲ ಅವನ ಮನೆಗೆ ಹೋಯಿತು.

ಬಿಡಿಭಾಗಗಳು ಕೆಳಗಿನ ಊರಿನಿಂದ ಬರಬೇಕು. ನಡುವೆ ಎರಡು ದಿನ ಹಿಮ ಬಿದ್ದು ದಾರಿ ಕಟ್ಟಿತು. ಹೀಗೆ ಹನ್ನೊಂದು ದಿನ. ನಾವು ಹಿರಿಯರಿಬ್ಬರು ಸಾರಥಿಯ ಜೊತೆ ಉಳಿದು, ಉಳಿದವರನ್ನು ಬಸ್ಸು ರೈಲುಗಳಲ್ಲಿ ಊರಿಗೆ ಕಳುಹಿಸಿದೆವು. ಈ ನಡುವೆ ನಮ್ಮಲ್ಲೊಬ್ಬರಿಗೆ ಒಂದು ಉಪಾಯ ಹೊಳೆಯಿತು. ವಿಮೆಯವರಿಗೆ, ನಾಯಿ ಅಡ್ಡಬಂದು ಹೀಗಾಯಿತು ಎಂದು ಬರೆದುಕೊಟ್ಟರೆ ಹೇಗೆ? ಸಾರಥಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಕಾ, ಕಾಗದಕ್ಕೆ ಸಹಿ ನಾನು ಹಾಕಬೇಕಲ್ಲ" ಎಂದ. ಅಷ್ಟೇ ಮಾತು. ಆ ಉಪಾಯವನ್ನು ಅಲ್ಲಿಯೇ ಕೈಬಿಟ್ಟೆವು. ನಾವು ಮಾಡಿದ ಕೆಲಸಕ್ಕೆ ಅವನು ಸುಳ್ಳುಗಾರನಾಗಬೇಕೇ? ಗ್ಯಾರೇಜಿನ ಖರ್ಚು, ಅವನ ಆ ದಿನಗಳ ಸಂಪಾದನೆ, ಆ ತಿಂಗಳ ಕಂತು ಎಲ್ಲವನ್ನೂ ಎರಡು ಮನೆಯವರು ಹಂಚಿಕೊಂಡು ಕೊಟ್ಟೆವು. ದುಡ್ಡಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಮುಗಿಯದ ಲೆಕ್ಕ ಬೇರೆ ಇದೆ. ಒಂಬತ್ತನೆಯ ದಿನ ಸಾರಥಿ ವಾಡಿಯಲ್ಲಿರಬೇಕಾಗಿತ್ತು. ಅವನ ಸ್ನೇಹಿತನು ಬೇರೆ ಬಾಡಿಗೆ ಒಪ್ಪಿಕೊಂಡು ಹೊರಟುಹೋಗಿದ್ದ. ಫೋನಿನ ಮೇಲೆ ಫೋನು ಮಾಡಿ ಅವನು ಬೇರೆ ಗಾಡಿ ಗೊತ್ತುಮಾಡಿದ. ಅದು ಒಂದು ದಿನ ಬಂದಿತು, ಮತ್ತೊಂದು ದಿನ ಬರಲಿಲ್ಲ. ಬಾರದ ಆ ದಿನ ಆ ವೃದ್ಧ ತಾಯಿ ಎರಡು ಗಂಟೆ ಕಾದು, ಕಡೆಗೆ ಆಟೋದಲ್ಲಿ ಕುಲುಕಾಡಿಕೊಂಡು ತಡವಾಗಿ ತಲುಪಿದರು. ಅವರ ಸರದಿ ಹೋಗಿತ್ತು. ಮಾರನೆಯ ದಿನ ಬರಹೇಳಿದರು. ಆ ರಾತ್ರಿ ಅವರಿಗೆ ಕಾಲು ಮುಖ ಊದಿಕೊಂಡು, ಉಸಿರು ಕಟ್ಟಿದಂತಾಗಿ, ಮನೆಯವರೆಲ್ಲ ಎದ್ದು ಕುಳಿತಿದ್ದರಂತೆ. ದೈವಕೃಪೆಯಿಂದ ಹೆಚ್ಚಿನದೇನೂ ಆಗಲಿಲ್ಲ. ಆಗಿದ್ದರೆ? "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂಬ ಗಾದೆಯನ್ನು ನಾವು ಎಷ್ಟು ಸಲ ಮಕ್ಕಳಿಗೆ ಹೇಳಿದ್ದೇವೆ! ಬೆಕ್ಕು ನಾವೇ ಆಗುತ್ತೇವೆಂದು ಎಣಿಸಿರಲಿಲ್ಲ.

ಇನ್ನು ಹಿಮವಿಲ್ಲದ ನಮ್ಮ ವಾಡಿಗೆ ಬರೋಣ. ಇಲ್ಲಿಯ ಹಿಮ ಯಾವುದೆಂದರೆ, ಮಳೆಗಾಲದ ಎರೆಮಣ್ಣು. ಬೇಸಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುವ ಈ ಕರಿಯ ನೆಲ, ಮೊದಲ ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬಿ ಬೆಣ್ಣೆಯಂತಾಗುತ್ತದೆ. ವಿಜಾಪುರ ಕಲಬುರಗಿಯ ಕಡೆಯಿಂದ ಬಂದವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ; ಎತ್ತಿನ ಬಂಡಿಯೇ ಹೂತುಹೋಗುವ ಮಣ್ಣು ಅದು. ಖಾಲಿ ನಿವೇಶನಗಳಲ್ಲಿ, ಗೋದಾಮುಗಳ ಹಿಂದಿನ ಬಯಲಿನಲ್ಲಿ ಹುಡುಗರು ಕಾರು ಬೈಕುಗಳನ್ನು ಗಿರಕಿ ಹೊಡೆಸಿ ಕೆಸರು ಹಾರಿಸುವುದನ್ನು ಆಷಾಢದಲ್ಲಿ ನೀವೆಲ್ಲ ನೋಡಿದ್ದೀರಿ. ಹಿಮದಲ್ಲಿ ನಮಗೆ ಆದುದೆಲ್ಲ ಅಲ್ಲಿಯೂ ಆಗುತ್ತದೆ. ಮೇಲಾಗಿ ಕೆಸರು ಹಿಮದಂತೆ ಕರಗಿಹೋಗುವುದಿಲ್ಲ. ರೇಡಿಯೇಟರಿನ ಸಂದುಗಳಲ್ಲಿ ಒಣಗಿ ಕುಳಿತು ಎಂಜಿನ್ನನ್ನು ಕಾಯಿಸುತ್ತದೆ, ಬ್ರೇಕನ್ನು ತೇಯುತ್ತದೆ, ಅಚ್ಚಿನ ಕೀಲಿನ ರಬ್ಬರು ಹರಿದಿದ್ದರೆ ಒಳಹೊಕ್ಕು ಮರಳುಕಾಗದದಂತೆ ಉಜ್ಜುತ್ತದೆ.

ಎರಡನೆಯ ಆಟ, ನಿಂತ ನೀರಿನಲ್ಲಿ ಗಾಡಿ ನುಗ್ಗಿಸಿ ಎರಡೂ ಕಡೆ ರೆಕ್ಕೆಯಂತೆ ನೀರು ಚಿಮ್ಮಿಸುವುದು. ಇದು ಎಲ್ಲಕ್ಕಿಂತ ದುಬಾರಿಯಾದ ಆಟ. ಎಂಜಿನ್ನು ಉಸಿರಾಡುವ ಬಾಯಿ ಮುಂಭಾಗದಲ್ಲೇ ಇರುತ್ತದೆ. ಅದರೊಳಗೆ ನೀರು ಸೇರಿತೆಂದರೆ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಅದುಮುವ ಪಿಸ್ಟನ್ನು ನೀರನ್ನು ಅದುಮಲಾರದು, ನೀರು ಕುಗ್ಗುವ ವಸ್ತುವಲ್ಲ. ಆಗ ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡೇ ಬಾಗುತ್ತದೆ, ಇಲ್ಲವೇ ಮುರಿದು ಎಂಜಿನ್ನಿನ ಮಗ್ಗುಲನ್ನು ಒಡೆದು ಹೊರಬರುತ್ತದೆ. ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಚಾಲು ಮಾಡಬಾರದು ಎಂದು ಮೇಸ್ತ್ರಿಗಳು ಬಡಿದುಕೊಳ್ಳುವುದು ಇದಕ್ಕೇ. ನೀರು ನುಗ್ಗಿದ ಎಂಜಿನ್ನನ್ನು ಚಾಲು ಮಾಡಿ ಕೆಡಿಸಿಕೊಂಡರೆ, ಎಂಜಿನ್ನಿಗೆಂದೇ ಬೇರೆಯಾಗಿ ವಿಮೆ ತೆಗೆದುಕೊಂಡಿರದಿದ್ದಲ್ಲಿ, ಸಾಮಾನ್ಯ ವಿಮೆಯಲ್ಲಿ ಆ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ.

ನೀರನ್ನು ಆಟವೆಂದು ತಿಳಿಯಬಾರದೆಂಬುದಕ್ಕೆ ನಮ್ಮೂರೇ ಸಾಕ್ಷಿ. ನಾಗ ನದಿ ಹುಟ್ಟುವುದು ನಮ್ಮ ವಾಡಿಯ ಸಮೀಪದ ಲಾವಾ ಗುಡ್ಡಗಳಲ್ಲಿ. ಅಲ್ಲಿಂದ ಇಳಿದು ೧೮೭೦ರಲ್ಲಿ ಕಟ್ಟಿದ ಅಂಬಾಝರಿ ಕೆರೆಯ ಮೂಲಕ ನಗರಕ್ಕೆ ಹೋಗುತ್ತದೆ. ೨೦೨೩ರ ಸೆಪ್ಟೆಂಬರ್ ೨೩ರ ನಸುಕಿನಲ್ಲಿ ಕೆಲವೇ ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಮೀರಿದ ಮಳೆ ಸುರಿದು ಕೆರೆ ಕೋಡಿ ಹರಿಯಿತು. ಕೆಳಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು, ಪ್ರಾಣಹಾನಿಯಾಯಿತು, ಬೀದಿಯಲ್ಲಿ ನಿಲ್ಲಿಸಿದ್ದ ಕಾರುಗಳು ತೇಲಿ ಒಂದರ ಮೇಲೊಂದು ಬಿದ್ದವು. ನಾವು ಬೈಕಿನ ಚಕ್ರದಿಂದ ಚಿಮ್ಮಿಸಿ ನಗುವ ನೀರೇ ಅದು.

ಇಂಥ ಆಟದ ಹುಚ್ಚು ನಮ್ಮೊಬ್ಬರದೇ ಅಲ್ಲ. ೨೦೨೩ರ ಡಿಸೆಂಬರಿನಲ್ಲಿ, ರಜೆಯ ದಿನಗಳ ವಾಹನಸಂದಣಿ ತಪ್ಪಿಸಿಕೊಳ್ಳಲೆಂದು ಒಬ್ಬರು ಲಾಹೌಲಿನ ಚಂದ್ರಾ ನದಿಯೊಳಗೇ ಗಾಡಿ ನಡೆಸಿದರು. ಆ ಚಿತ್ರ ದೇಶವೆಲ್ಲ ಹರಡಿ, ಪೊಲೀಸರು ಮೋಟಾರು ವಾಹನ ಕಾಯಿದೆಯ ಪ್ರಕಾರ ದಂಡ ಹಾಕಿದರು. ೨೦೨೨ರ ಜನವರಿಯಲ್ಲಿ ಪಾಕಿಸ್ತಾನದ ಮರ್‍ರೀ ಎಂಬ ಗಿರಿಧಾಮಕ್ಕೆ ಹಿಮ ನೋಡಹೋದವರ ಸಾವಿರಾರು ಕಾರುಗಳು ಹಿಮದಲ್ಲಿ ಸಿಕ್ಕಿಬಿದ್ದು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಡಿಯೊಳಗೇ ಪ್ರಾಣಬಿಟ್ಟರು. ಹೊಗೆಕೊಳವೆ ಹಿಮದಿಂದ ಮುಚ್ಚಿಹೋಗಿರುವಾಗ ಹೀಟರಿಗಾಗಿ ಎಂಜಿನ್ನು ಓಡಿಸಿದರೆ ವಿಷದ ಗಾಳಿ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅವರಲ್ಲಿ ಕೆಲವರು ಅದರಿಂದಲೇ ತೀರಿಕೊಂಡರೆಂದು ವರದಿಯಾಯಿತು. ಅವರು ಆಟವಾಡುತ್ತಿರಲಿಲ್ಲ, ನಿಜ. ಆದರೆ ಹಿಮ ಆಡುವವನನ್ನೂ ಆಡದವನನ್ನೂ ಬೇರೆ ಮಾಡಿ ನೋಡುವುದಿಲ್ಲ.

ಹಾಗಾದರೆ ಜಾರುವ ನೆಲದಲ್ಲಿ ಗಾಡಿ ನಡೆಸುವುದನ್ನು ಕಲಿಯಲೇಬಾರದೇ ಎಂದು ತರುಣರು ಕೇಳಬಹುದು. ಕಲಿಯಬೇಕು. ನಾರ್ವೆಯಲ್ಲಿ ಕಾರಿನ ಪರವಾನಗಿ ಬೇಕಾದವರೆಲ್ಲರೂ ಜಾರುನೆಲದ ಅಭ್ಯಾಸ ಮಾಡಲೇಬೇಕು. ಆದರೆ ಅದಕ್ಕೆ ಬೇರೆ ಅಂಗಳವಿದೆ, ಮಗ್ಗುಲಲ್ಲಿ ಗುರುವಿದ್ದಾನೆ, ಹಿಮದಡಿಯಲ್ಲಿ ಕಲ್ಲಿಲ್ಲ. ಕೆನಡಾದ ಕ್ವಿಬೆಕ್ಕಿನಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಚಳಿಗಾಲದ ಟೈರು ಹಾಕದೆ ಕಾರು ಹೊರಡಿಸುವಂತಿಲ್ಲ. ಪಕ್ಕದ ಒಂಟಾರಿಯೋದಲ್ಲಿ ಬೇಕೆಂದೇ ಗಾಡಿಯನ್ನು ಗಿರಕಿ ಹೊಡೆಸಿದವನ ಪರವಾನಗಿಯನ್ನು ಅಲ್ಲಿಯೇ ೩೦ ದಿನ ತಡೆಹಿಡಿದು, ಗಾಡಿಯನ್ನು ೧೪ ದಿನ ಜಪ್ತಿ ಮಾಡುತ್ತಾರೆ. ನಮ್ಮ ಮಕ್ಕಳು ಮೊಮ್ಮಕ್ಕಳು ಆ ದೇಶಗಳಲ್ಲಿದ್ದಾರೆ. ಫೋನಿನಲ್ಲಿ ಊಟವಾಯಿತೇ ಎಂದು ಕೇಳುವಾಗ ಟೈರು ಬದಲಾಯಿಸಿದೆಯಾ ಎಂದೂ ಒಂದು ಮಾತು ಕೇಳಿರಿ. ನಮ್ಮ ದೇಶದಲ್ಲೂ ಕಾಯಿದೆಯಿಲ್ಲದೆ ಇಲ್ಲ. ೨೦೧೯ರ ತಿದ್ದುಪಡಿಯಾದ ಮೇಲೆ ಅಪಾಯಕರ ಚಾಲನೆಗೆ ಮೊದಲ ಸಲವೇ ೫,೦೦೦ ರೂಪಾಯಿಯವರೆಗೆ ದಂಡ, ಇಲ್ಲವೇ ಸೆರೆವಾಸ. ಹದಿನೆಂಟು ತುಂಬದ ಹುಡುಗನು ಗಾಡಿ ನಡೆಸಿ ಅಪರಾಧ ಮಾಡಿದರೆ ಪೋಷಕನಿಗೆ ಇಲ್ಲವೇ ಗಾಡಿಯ ಒಡೆಯನಿಗೆ ೨೫,೦೦೦ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಚಾವಿ ಕೊಡುವ ಕೈಗೆ ಇದು ನೆನಪಿರಲಿ.

ಕಾಯಿದೆಗಿಂತ ದೊಡ್ಡ ಮಾತೊಂದಿದೆ. ಚಾವಿ ಕೊಡುವುದೆಂದರೆ ವಿಶ್ವಾಸ ಕೊಡುವುದು. ಸಾರಥಿ ನಮ್ಮ ಕೈಗೆ ಚಾವಿ ಕೊಟ್ಟದ್ದು ಮನೆಯ ಹೆಂಗಸರಿಗೆ ಚಳಿಯಾಗದಿರಲೆಂದು. ಅದನ್ನು ನಾವು ಆಟದ ಬುಗುರಿಯ ದಾರ ಮಾಡಿಕೊಂಡೆವು. ಹುಡುಗರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅವರು ನಮ್ಮನ್ನು ನೋಡಿ ಕುಳಿತರು. ನಾವು ಬೇಡವೆನ್ನಲಿಲ್ಲ, ಚಪ್ಪಾಳೆ ತಟ್ಟಿದೆವು. ಪರರ ವಸ್ತುವಿನಲ್ಲಿ ನಮ್ಮ ವಿನೋದ ಬೇಡ ಎಂಬ ಒಂದೇ ನಿಯಮವನ್ನು ಪಾಲಿಸಿದ್ದರೆ ಉಳಿದ ಯಾವ ವಿಜ್ಞಾನವೂ ನಮಗೆ ಬೇಕಾಗಿರಲಿಲ್ಲ.

ಊರಿಗೆ ಬಂದ ಮೇಲೆ ನಾವು ಎರಡು ಮನೆಯವರೂ ಆ ವೃದ್ಧ ತಾಯಿಯನ್ನು ನೋಡಲು ಹೋದೆವು. ಹುಡುಗನೂ ಬಂದಿದ್ದ. ಹೇಗೆ ಮಾತು ತೆಗೆಯಬೇಕೆಂದು ತಿಳಿಯದೆ ನಾವು ಕುಳಿತಿರಲು, ಅವರೇ ಹುಡುಗನ ಕೈ ಹಿಡಿದುಕೊಂಡು, "ಹಿಮ ಹೇಗಿತ್ತಪ್ಪಾ? ನಾನಂತೂ ನೋಡಿಲ್ಲ" ಎಂದು ಕೇಳಿದರು. ಹುಡುಗ ಏನೂ ಹೇಳಲಾರದೆ ಹೋದ. ಅಂದಿನಿಂದ, ಸಾರಥಿಗೆ ಬೇರೆ ಬಾಡಿಗೆ ಬಂದ ದಿನಗಳಲ್ಲಿ, ಆ ತಾಯಿಯನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗುವ ಕೆಲಸವನ್ನು ನಮ್ಮ ಎರಡು ಮನೆಗಳವರು ಸರದಿಯ ಮೇಲೆ ಮಾಡುತ್ತಿದ್ದೇವೆ. ಹುಡುಗನಿಗೆ ಪರವಾನಗಿಯಿದೆ, ಅವನ ಸರದಿಯೂ ಇದೆ. ಅವನು ಈಗ ಹಳ್ಳ ಕಂಡಲ್ಲಿ ಎಷ್ಟು ನಿಧಾನ ಮಾಡುತ್ತಾನೆಂದರೆ, ಹಿಂದಿನ ಲಾರಿಯವರು ಹಾರನ್ನು ಹೊಡೆದು ಬೈಯುತ್ತಾರೆ. ಬೈಯಲಿ.

ಇನ್ನಷ್ಟು ಮನೆಯವರು ಈ ಸರದಿಗೆ ಸೇರುವುದಾದರೆ ಆ ತಾಯಿಗೂ, ಅಂಥ ಇನ್ನಿಬ್ಬರಿಗೂ ಅನುಕೂಲವಾಗುತ್ತದೆ. ಹೆಸರು ಬರೆಯಲು ವಾಚನಾಲಯದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ಈ ಭಾಷಣದಿಂದ ನಾವು ಬಯಸುವ ಚಪ್ಪಾಳೆ ಅದೇ.